ಕ್ಯಾಲಿಫೋರ್ನಿಯಾದ ಮನೆಯಿಂದ ಚಟ್ನಿಪುಡಿ ಮಾರಾಟ: ನನ್ನ ಅನುಭವ

ಕ್ಯಾಲಿಫೋರ್ನಿಯಾದಲ್ಲಿ ಮನೆಯ ಅಡುಗೆಮನೆಯಲ್ಲೇ ತಯಾರಿಸಿ ಮಾರಲು ಅವಕಾಶ ಕೊಡುವ ಕಾಟೇಜ್ ಫುಡ್ ಕಾನೂನು 2013ರ ಜನವರಿಯಿಂದ ಜಾರಿಯಲ್ಲಿದೆ. ಏನು ಮಾರುವುದು ಎಂದು ನಿರ್ಧರಿಸುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಇಲ್ಲಿ ಎಲ್ಲವೂ ನಿಂತಿರುವುದು ತೇವಾಂಶದ ಮೇಲೆ. ಫ್ರಿಜ್ ಇಲ್ಲದೆ ಕೆಡದೆ ಉಳಿಯುವ ಪದಾರ್ಥಕ್ಕಷ್ಟೇ ಅನುಮತಿ, ಅದೂ ರಾಜ್ಯದ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿದ್ದರೆ ಮಾತ್ರ.

ಹಾಗಾಗಿ ಬೇಳೆ ಹೂರಣದ ಹೋಳಿಗೆ, ಇಡ್ಲಿ ಹಿಟ್ಟು, ಕಾಯಿಚಟ್ನಿ ಎಲ್ಲ ಹೊರಗೆ. ಉಪ್ಪಿನಕಾಯಿಗೂ ಅವಕಾಶವಿಲ್ಲ. ಹುಳಿ ಅಥವಾ ಎಣ್ಣೆಯಲ್ಲಿ ಕಾಪಿಡುವ ತರಕಾರಿ, ಬೆಳ್ಳುಳ್ಳಿಯಲ್ಲಿ ಬಾಟ್ಯುಲಿಸಂ ಎಂಬ ಮಾರಕ ಆಹಾರವಿಷದ ಅಪಾಯ ಇರುವುದರಿಂದ ಅವಕ್ಕೆ ಬೇರೆ ಲೈಸೆನ್ಸ್ ಬೇಕು. ಬಿಸಿಬೇಳೆಬಾತ್, ಊಟದ ಡಬ್ಬಿ ಮಾರುವುದಿದ್ದರೆ ಅದು 2018ರ ಇನ್ನೊಂದು ಕಾನೂನಿಗೆ ಸೇರುತ್ತದೆ, ಅದೂ ನಿಮ್ಮ ಕೌಂಟಿ (ನಮ್ಮ ಜಿಲ್ಲಾಡಳಿತದಂಥದು) ಅದನ್ನು ಒಪ್ಪಿಕೊಂಡಿದ್ದರೆ. ಚಕ್ಕುಲಿ, ಕೋಡುಬಳೆ ಮಾಡುವವರು ಮೊದಲು ಕೌಂಟಿಗೆ ಬರೆದು ಉತ್ತರ ತರಿಸಿಕೊಂಡು ಆಮೇಲೆ ಎಣ್ಣೆ ಕಾಯಿಸಲಿ. ನಾನು ಆರಿಸಿಕೊಂಡದ್ದು ಪುಡಿಗಳನ್ನು: ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ.

ಕೌಂಟಿಗೆ ಕೊಡುವ ಅರ್ಜಿಯಲ್ಲಿ ಬರೀ ‘ಚಟ್ನಿ’ ಎಂದು ಬರೆಯಬೇಡಿ. ಓದುವ ಅಧಿಕಾರಿಯ ಕಣ್ಣಿಗೆ ಅದು ಸೀಸೆಯೊಳಗಿನ ಹಸಿ ಪದಾರ್ಥವಾಗಿಯೇ ಕಾಣುತ್ತದೆ. ಹುರಿದ ಬೇಳೆ ಮತ್ತು ಮಸಾಲೆಯ ಒಣ ಮಿಶ್ರಣ, ನೀರು ಸೇರಿಸುವುದಿಲ್ಲ, ಎಲ್ಲವನ್ನೂ ಹುರಿದು ಆರಿಸಿ ಪುಡಿ ಮಾಡಲಾಗುತ್ತದೆ ಎಂದು ವಿಧಾನ ಸಮೇತ ಬರೆಯಿರಿ. ನಾನು ಹಾಗೆ ಬರೆದ ಮೇಲೆ ಮರುಪ್ರಶ್ನೆ ಬರಲಿಲ್ಲ.

ಈ ಕಾನೂನಿನಲ್ಲಿ ಎರಡು ವರ್ಗಗಳಿವೆ. ಕ್ಲಾಸ್ ಎ ಎಂದರೆ ಗಿರಾಕಿಗೆ ನೇರ ಮಾರಾಟ ಮಾತ್ರ. ಅಡುಗೆಮನೆಯ ಚೆಕ್‌ಲಿಸ್ಟ್‌ಗೆ ನೀವೇ ಸಹಿ ಹಾಕಿ ಕೌಂಟಿಯಲ್ಲಿ ನೋಂದಣಿ ಮಾಡಿಸಿದರಾಯಿತು, ಮೊದಲೇ ತಪಾಸಣೆ ಇಲ್ಲ. ಕ್ಲಾಸ್ ಬಿ ಇದ್ದರೆ ಅಂಗಡಿ, ಹೋಟೆಲಿಗೂ ಕೊಡಬಹುದು, ಆದರೆ ಮನೆಗೆ ಬಂದು ತಪಾಸಣೆ ಮಾಡುತ್ತಾರೆ. ವರ್ಷದ ಮಾರಾಟದ ಮಿತಿಯನ್ನು 2022ರಿಂದ ಕ್ಲಾಸ್ ಎಗೆ 75,000 ಡಾಲರ್, ಬಿಗೆ 1,50,000 ಡಾಲರ್ ಎಂದು ಏರಿಸಲಾಯಿತು, ಬೆಲೆಯೇರಿಕೆಗೆ ತಕ್ಕಂತೆ ಅದು ಹೆಚ್ಚುತ್ತದೆ. ಶುರುವಿಗೆ ಕ್ಲಾಸ್ ಎ ಧಾರಾಳವಾಗಿ ಸಾಕು. ನೋಂದಣಿಯಾದ 3 ತಿಂಗಳೊಳಗೆ ಆಹಾರ ತಯಾರಿಕೆಯ ತರಬೇತಿ ಮುಗಿಸಬೇಕು, 3 ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಎಚ್-4 ವೀಸಾದಲ್ಲಿದ್ದವರು (ಉದ್ಯೋಗ ವೀಸಾದವರ ಅವಲಂಬಿತರು) ಇಎಡಿ, ಅಂದರೆ ಕೆಲಸ ಮಾಡಲು ಅನುಮತಿಪತ್ರ, ಕೈಗೆ ಬರುವವರೆಗೆ ಒಂದು ಪೊಟ್ಟಣವನ್ನೂ ಮಾರಬಾರದು. ಮನೆಯೊಳಗಿನ ಕೆಲಸವಾದರೂ ಅದು ಕೆಲಸವೇ, ಮುಂದೆ ವೀಸಾಕ್ಕೆ ಕುತ್ತು ಬರುತ್ತದೆ.

ಸಾಮಾನು ಅಂಗೀಕೃತ ಮೂಲದಿಂದಲೇ ಬರಬೇಕು. ಊರಿಂದ ಸೂಟ್‌ಕೇಸಿನಲ್ಲಿ ತಂದ ಬ್ಯಾಡಗಿ ಎಷ್ಟು ಚೆನ್ನಾಗಿದ್ದರೂ ಮನೆ ಅಡುಗೆಗಷ್ಟೇ. ಮಾರುವ ಪುಡಿಗೆ ಇಲ್ಲಿನ ಅಂಗಡಿಯಲ್ಲಿ ಕೊಂಡು ಬಿಲ್ ಇಟ್ಟುಕೊಳ್ಳಿ. ಕರಿಬೇವಿನ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಏಷ್ಯನ್ ಸಿಟ್ರಸ್ ಸಿಲ್ಲಿಡ್ ಎಂಬ ಕೀಟ ಕರಿಬೇವಿನ ಗಿಡದಲ್ಲೂ ಬದುಕುತ್ತದೆ. ಆದ್ದರಿಂದ ರಾಜ್ಯದ ಹಲವೆಡೆ ಗಿಡ, ಸೊಪ್ಪು ಸಾಗಿಸಲು ಕ್ವಾರಂಟೈನ್ ನಿರ್ಬಂಧವಿದೆ. ಸ್ನೇಹಿತರ ಹಿತ್ತಲಿನ ಸೊಪ್ಪು ತರುವುದು ಬೇಡ.

ಒಂದು ಸಲಕ್ಕೆ ನನ್ನ ಚಟ್ನಿಪುಡಿಯ ಅಳತೆ: ಕಡಲೆಬೇಳೆ 500 ಗ್ರಾಂ, ಉದ್ದಿನಬೇಳೆ 250, ಒಣಕೊಬ್ಬರಿ 300, ಬ್ಯಾಡಗಿ ಮೆಣಸಿನಕಾಯಿ 120, ಕರಿಬೇವು 40, ಹುಣಸೆ 60, ಪುಡಿಬೆಲ್ಲ 60, ಉಪ್ಪು 70, ಇಂಗು 6 ಗ್ರಾಂ. ಲೋಟದ ಅಳತೆ ಬಿಟ್ಟುಬಿಡಿ. ತೂಕವಿಲ್ಲದೆ ಲೇಬಲ್ಲಿನಲ್ಲಿ ಬರೆಯುವ ಸಾಮಗ್ರಿಗಳ ಕ್ರಮ ಸರಿಯಾಗುವುದಿಲ್ಲ.

ಒಂದೊಂದನ್ನೂ ಬೇರೆಬೇರೆ, ಸಣ್ಣ ಉರಿಯಲ್ಲಿ ಹುರಿಯಬೇಕು. ಕಡಲೆಬೇಳೆಯನ್ನು ಬಣ್ಣ ನೋಡಿ ಇಳಿಸಬೇಡಿ, ಒಂದು ಕಾಳು ಕಚ್ಚಿ ನೋಡಿ; ನಡುವೆ ಮೆತ್ತಗಿದ್ದರೆ ಇನ್ನೂ ಹಸಿ. ಕರಿಬೇವನ್ನು ತೊಳೆದು ರಾತ್ರಿಯಿಡೀ ಬಟ್ಟೆಯ ಮೇಲೆ ಹರಡಿ, ಬೆಳಿಗ್ಗೆ ಬಾಣಲೆಯಲ್ಲಿ ಅಂಗೈಯಲ್ಲಿ ಹಿಸುಕಿದರೆ ಪುಡಿಯಾಗುವವರೆಗೆ ಆಡಿಸುತ್ತೇನೆ. ಕೈಕೊಡುವುದು ಹೆಚ್ಚಾಗಿ ಹುಣಸೆ. ನಾರು ಬೀಜ ತೆಗೆದು, ಎಳೆಎಳೆಯಾಗಿ ಬಿಡಿಸಿ, ಓವನ್‌ನಲ್ಲಿ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುರಿದರೆ ಮುರಿಯುವ ಹಾಗೆ ಒಣಗಿಸಬೇಕು. ಅಂಟು ಉಳಿದರೆ ಪುಡಿ ಎರಡೇ ವಾರದಲ್ಲಿ ಗಂಟುಕಟ್ಟುತ್ತದೆ. ಕೊಬ್ಬರಿಯನ್ನು ಕೊನೆಗೆ ಹಾಕಿ ಮಿಕ್ಸಿಯನ್ನು ಬಿಟ್ಟುಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಕಾವಿಗೆ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತದೆ, ಬೇಗ ಕಮಟು ವಾಸನೆಯೂ ಬರುತ್ತದೆ. ಕೊಬ್ಬರಿ ಇರುವುದರಿಂದಲೇ ನಾನು 2 ತಿಂಗಳಿಗಿಂತ ಹೆಚ್ಚಿನ ತಾರೀಖು ಹಾಕುವುದಿಲ್ಲ. ಅಗಲ ತಟ್ಟೆಯಲ್ಲಿ ಪೂರ್ತಿ ಆರಿದ ಮೇಲೆಯೇ ಪೊಟ್ಟಣಕ್ಕೆ ತುಂಬಬೇಕು. ಬೆಚ್ಚಗಿರುವಾಗ ಮುಚ್ಚಿದರೆ ಒಳಗೆ ಹಬೆ ನೀರಾಗಿ ಬೂಸ್ಟು ಹಿಡಿಯುತ್ತದೆ.

ಈ ಕೆಲಸ ನಡೆಯುವಾಗ ಅದೇ ಅಡುಗೆಮನೆಯಲ್ಲಿ ಮನೆಯ ಅಡುಗೆ, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಯಾವುದೂ ನಡೆಯಬಾರದು. ಚಿಕ್ಕ ಮಕ್ಕಳು, ಸಾಕುಪ್ರಾಣಿಗಳು ಒಳಗೆ ಬರಬಾರದು. ಮನೆಯವರೆಲ್ಲರಿಗೂ ಇದನ್ನು ಮೊದಲೇ ಹೇಳಿ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಲೇಬಲ್ ಮೇಲೆ ‘ಮೇಡ್ ಇನ್ ಎ ಹೋಮ್ ಕಿಚನ್’ ಎಂಬ ಸಾಲು 12 ಪಾಯಿಂಟ್ ಅಕ್ಷರದಲ್ಲಿ ಇರಲೇಬೇಕು. ಜೊತೆಗೆ ಪದಾರ್ಥದ ಸಾಮಾನ್ಯ ಹೆಸರು, ನಿಮ್ಮ ವ್ಯಾಪಾರದ ಹೆಸರು, ಊರು, ಜಿಪ್ ಕೋಡ್, ನೋಂದಣಿ ಸಂಖ್ಯೆ, ಕೊಟ್ಟ ಕೌಂಟಿ, ನಿವ್ವಳ ತೂಕ ಎರಡೂ ಮಾನದಲ್ಲಿ, ಉದಾಹರಣೆಗೆ 7 ಔನ್ಸ್, 198 ಗ್ರಾಂ. ಸಾಮಗ್ರಿಗಳನ್ನು ತೂಕ ಇಳಿಯುವ ಕ್ರಮದಲ್ಲಿ ಬರೆಯಬೇಕು.

ಅಲರ್ಜಿಯ ಸಾಲಿನಲ್ಲಿ ನಮ್ಮವರು ಎಡವುವುದು ಇಂಗಿನಲ್ಲಿ. ಅಂಗಡಿಯ ಡಬ್ಬಿಯ ಇಂಗು ಬಹುತೇಕ ಗೋಧಿ ಹಿಟ್ಟು ಬೆರೆಸಿದ್ದು. 6 ಗ್ರಾಂ ಹಾಕಿದರೂ ಲೇಬಲ್ಲಿನಲ್ಲಿ ‘ವೀಟ್’ ಬರಬೇಕು, ಇಂಗಿನೊಳಗೆ ಏನೇನಿದೆ ಎಂಬುದೂ ಬರಬೇಕು. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ನಾನು ಅದನ್ನೇ ಹಾಕುತ್ತೇನೆ. ಎಳ್ಳು 2023ರ ಜನವರಿಯಿಂದ ಕಡ್ಡಾಯ ಅಲರ್ಜಿ ಪಟ್ಟಿಯಲ್ಲಿದೆ. ಶೇಂಗಾ ಚಟ್ನಿಪುಡಿಯನ್ನೂ ಮಾಡುವವರು ಅದಕ್ಕೆ ಬೇರೆ ಮಿಕ್ಸಿ ಜಾರು, ಬೇರೆ ದಿನ ಇಟ್ಟುಕೊಳ್ಳಿ.

ಫೋನು, ಇಂಟರ್ನೆಟ್ಟಿನಲ್ಲಿ ಆರ್ಡರ್ ತೆಗೆದುಕೊಂಡು ಅಂಚೆಯಲ್ಲಿ ಕಳಿಸುವುದಕ್ಕೂ ಅನುಮತಿ ಇದೆ, ರಾಜ್ಯದ ಒಳಗೆ ಮಾತ್ರ. ಟೆಕ್ಸಾಸಿನಿಂದ ಯಾರಾದರೂ ಕೇಳಿದರೆ ಇಲ್ಲ ಎನ್ನಬೇಕು. ಪ್ರತಿ ತಯಾರಿಗೂ ತಾರೀಖು, ಸಾಮಾನಿನ ಬಿಲ್, ಎಷ್ಟು ಪೊಟ್ಟಣ, ಯಾರಿಗೆ ಹೋಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ದೂರು ಬಂದರೆ ಕ್ಲಾಸ್ ಎ ಅಡುಗೆಮನೆಗೂ ಅಧಿಕಾರಿ ಬರಬಹುದು, ಆಗ ಮೊದಲು ತೆಗೆದು ತೋರಿಸಬೇಕಾದದ್ದು ಆ ಪುಸ್ತಕವನ್ನೇ.