ಗಿಂಬಲ್ ಹಿಡಿದ ಕೈ ಸೋಲದಿರಲು

ಮೇ ತಿಂಗಳ ಮದುವೆ. ದಾವಣಗೆರೆಯ ಒಂದು ಕಲ್ಯಾಣ ಮಂಟಪ. ವಿಡಿಯೋ ಅಲುಗದಂತೆ ಕ್ಯಾಮೆರಾವನ್ನು ಮೋಟಾರಿನಿಂದ ಸಮವಾಗಿ ಹಿಡಿದಿಡುವ ಹ್ಯಾಂಡಲ್, ಅಂದರೆ ಗಿಂಬಲ್, ಅದನ್ನು ಬೆಳಗ್ಗೆ ಐದಕ್ಕೆ ಕೈಗೆತ್ತಿಕೊಂಡವನು ಹನ್ನೊಂದರ ಮುಹೂರ್ತದವರೆಗೂ ಕೆಳಗಿಟ್ಟಿರಲಿಲ್ಲ. ಪುರೋಹಿತರು ‘ಗಟ್ಟಿಮೇಳ’ ಎಂದರು, ವಾಲಗ ಜೋರಾಯಿತು, ಅಕ್ಷತೆ ಬಿತ್ತು. ಸರಿಯಾಗಿ ಆಗಲೇ ನನ್ನ ಬಲಗೈ ಹೆಬ್ಬೆರಳು ಮರಗಟ್ಟಿತು. ತಾಳಿ ಕಟ್ಟುವ ಶಾಟ್ ಪೂರ್ತಿ ಅಲುಗಾಡಿದೆ. ಅದನ್ನು ಇನ್ನೊಂದು ಸಲ ತೆಗೆಯಲು ಆಗುವುದಿಲ್ಲ, ಅಲ್ವಾ? ಆ ಮನೆಯವರಿಗೆ ವಿಡಿಯೋ ತೋರಿಸುವಾಗ ಆದ ಸಂಕಟ ಇನ್ನೂ ಹಾಗೇ ಇದೆ.

ಕೈಯಲ್ಲಿ ಶಕ್ತಿ ಸಾಲದು ಅಂದುಕೊಂಡಿದ್ದೆ. ಆದದ್ದು ಬೇರೆ. ನಾನು ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗಿ ಹಿಡಿಯುತ್ತಿದ್ದೆ, ಅದೂ ಮೈಯಿಂದ ದೂರ ಚಾಚಿ.

ಲೆಕ್ಕ ನೋಡಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಸುಮಾರು 650 ಗ್ರಾಂ. 24-70 ಮಿ.ಮೀ. ಜೂಮ್ ಲೆನ್ಸ್ 700ರಿಂದ 900 ಗ್ರಾಂ. ಗಿಂಬಲ್ 1.3ರಿಂದ 1.5 ಕೆ.ಜಿ. ಎಲ್ಲ ಸೇರಿ 3 ಕೆ.ಜಿ. ಹತ್ತಿರ. ತುಂಬಿದ ಕೊಡವನ್ನು ನಮ್ಮ ಹೆಂಗಸರು ಸೊಂಟಕ್ಕೆ ಒತ್ತಿಕೊಂಡು ತರುತ್ತಾರೆ, ಕೈ ಚಾಚಿ ಯಾರೂ ತರುವುದಿಲ್ಲ. ಇಲ್ಲಿಯೂ ಅಷ್ಟೇ.

ಮೊದಲು ಬ್ಯಾಲೆನ್ಸ್

ಮೋಟಾರ್ ಆಫ್ ಇರಲಿ. ಮೊದಲು ಟಿಲ್ಟ್ (ಮೇಲೆ ಕೆಳಗೆ ಬಾಗುವುದು), ಆಮೇಲೆ ರೋಲ್ (ಪಕ್ಕಕ್ಕೆ ವಾಲುವುದು), ಕೊನೆಗೆ ಪ್ಯಾನ್ (ಎಡ ಬಲಕ್ಕೆ ತಿರುಗುವುದು). ಕ್ಯಾಮೆರಾವನ್ನು ಯಾವ ಕೋನದಲ್ಲಿ ಬಿಟ್ಟರೂ ಅದು ಅಲ್ಲೇ ನಿಲ್ಲಬೇಕು. ಪ್ಯಾನ್ ನೋಡಲು ಹ್ಯಾಂಡಲನ್ನು ಪಕ್ಕಕ್ಕೆ ವಾಲಿಸಿ. ಕ್ಯಾಮೆರಾ ತಾನಾಗಿ ತಿರುಗಿದರೆ ಇನ್ನೂ ಸರಿಯಾಗಿಲ್ಲ. ಬ್ಯಾಲೆನ್ಸ್ ತಪ್ಪಿದರೆ ಮೋಟಾರ್ ಒದ್ದಾಡುತ್ತದೆ, ಆ ನಡುಕ ಹ್ಯಾಂಡಲಿಗೆ ಬರುತ್ತದೆ, ಕೈ ತಾನಾಗಿ ಬಿಗಿಯುತ್ತದೆ. ಲೆನ್ಸ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಿ. ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸ್ ಆಗಿದ್ದರೆ ಜಾಸ್ತಿ ಬಳಸುವ ಅಳತೆಗೆ ಇಟ್ಟು ಬ್ಯಾಲೆನ್ಸ್ ಮಾಡಿ.

ಹ್ಯಾಂಡಲಿನ ದಪ್ಪ

ಹ್ಯಾಂಡಲ್ ಹಿಡಿದಾಗ ಹೆಬ್ಬೆರಳಿನ ತುದಿ ತೋರುಬೆರಳಿನ ತುದಿಗೆ ಮುಟ್ಟಿದರೆ ಸಾಕು. ಹೆಬ್ಬೆರಳು ತುಂಬಾ ಮುಂದೆ ಹೋದರೆ ಹ್ಯಾಂಡಲ್ ತೆಳ್ಳಗಾಯಿತು ಎಂದರ್ಥ. ಆಟದ ಸಾಮಾನಿನ ಅಂಗಡಿಯಲ್ಲಿ ಬ್ಯಾಡ್ಮಿಂಟನ್ ರಾಕೆಟ್ಟಿನ ಗ್ರಿಪ್ ಟೇಪ್ ತಂದು ಒಂದು ಸುತ್ತು ಸುತ್ತಿ. ಟ್ರಿಗರ್, ಬಟನ್, ಚಾರ್ಜಿಂಗ್ ಜಾಗ ಮುಚ್ಚಬೇಡಿ. ಬೆವರು ಹೀರುವ ಟೇಪ್ ನಮ್ಮ ಬೇಸಿಗೆಗೆ ಒಳ್ಳೆಯದು. ಜೇಬಿನಲ್ಲಿ ಒಂದು ಹತ್ತಿ ಕರ್ಚೀಫ್ ಇರಲಿ. ಬೆಣ್ಣೆ ದೋಸೆ ತಿಂದು ಬಂದರೆ ಸೋಪು ಹಾಕಿ ಕೈ ತೊಳೆಯಿರಿ. ಸುಮ್ನೆ ನೀರಲ್ಲಿ ತೊಳೆದರೆ ಜಿಡ್ಡು ಬೆರಳಲ್ಲೇ ಉಳಿದು ಹ್ಯಾಂಡಲ್ ಜಾರುತ್ತದೆ.

ಬೆರಳು, ಮಣಿಕಟ್ಟು

ಒಂದು ಚಿಕ್ಕ ಪರೀಕ್ಷೆ ಮಾಡಿ. ಮಣಿಕಟ್ಟನ್ನು ಪೂರ್ತಿ ಒಳಗೆ ಮಡಚಿ ಮುಷ್ಟಿ ಕಟ್ಟಿ. ಗಟ್ಟಿಯಾಗುವುದೇ ಇಲ್ಲ. ಈಗ ಮಣಿಕಟ್ಟು ನೇರ ಮಾಡಿ ಕಟ್ಟಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಗಿಂಬಲ್ ಹಿಡಿದಾಗ ಮುಂಗೈ ಮತ್ತು ಮಣಿಕಟ್ಟು ಒಂದೇ ಗೆರೆಯಲ್ಲಿರಲಿ.

ಹ್ಯಾಂಡಲ್ ಬೆರಳುಗಳ ಬುಡದ ಮೇಲೆ ಅಡ್ಡವಾಗಿ ಕೂರಲಿ. ಕಿರುಬೆರಳು, ಉಂಗುರಬೆರಳು ಹಿಡಿಯಲಿ. ತೋರುಬೆರಳು ಟ್ರಿಗರಿಗೆ, ಹೆಬ್ಬೆರಳು ಕ್ಯಾಮೆರಾ ತಿರುಗಿಸುವ ಜಾಯ್‌ಸ್ಟಿಕ್ಕಿಗೆ. ಹೆಬ್ಬೆರಳನ್ನೂ ಹಿಡಿಯಲು ಬಳಸಿದರೆ ಅದು ಬೇಗ ದಣಿಯುತ್ತದೆ, ಜಾಯ್‌ಸ್ಟಿಕ್ ಒತ್ತಿದಾಗ ಜರ್ಕ್ ಕೂಡ ಬರುತ್ತದೆ. ನನಗೆ ಆ ಮದುವೆಯಲ್ಲಿ ಆದದ್ದು ಇದೇ. ಯಾರ ಕೈಯೇ ಆಗಲಿ ಸೆಕೆಂಡಿಗೆ 8ರಿಂದ 12 ಸಲ ಕಾಣದಷ್ಟು ಸಣ್ಣಗೆ ನಡುಗುತ್ತಲೇ ಇರುತ್ತದೆ. ದಣಿದಾಗ ಆ ನಡುಕ ದೊಡ್ಡದಾಗುತ್ತದೆ.

ಎಡಗೈ ಹ್ಯಾಂಡಲಿನ ಕೆಳಗೆ, ಇಲ್ಲವೇ ಎರಡನೇ ಹ್ಯಾಂಡಲಿನ ಮೇಲೆ ಇರಲಿ. ಭಾರದ ಪಾಲು ಅದಕ್ಕೂ ಹೋಗಬೇಕು. ಮೋಟಾರ್ ಇಲ್ಲದ, ಕೆಳಗೆ ತೂಕ ಕಟ್ಟುವ ಸ್ಟೆಬಿಲೈಸರ್ ಆದರೆ ಲೆಕ್ಕ ಬೇರೆ. ಅಲ್ಲಿ ಒಂದು ಕೈ ಹೊರುತ್ತದೆ, ಇನ್ನೊಂದು ಕೈಯ ಎರಡು ಮೂರು ಬೆರಳು ಕಂಬವನ್ನು ಮುಟ್ಟಿ ದಿಕ್ಕು ತೋರಿಸುತ್ತವೆ. ಬಿಸಿ ದೋಸೆಯ ಅಂಚು ಹಿಡಿಯುವಷ್ಟೇ ಹಗುರವಾಗಿ. ಸ್ವಲ್ಪ ಅದುಮಿದರೂ ಫ್ರೇಮ್ ವಾಲುತ್ತದೆ.

ಮೊಣಕೈ, ಮಂಡಿ

ಎರಡೂ ಮೊಣಕೈ ಪಕ್ಕೆಗೆ ತಾಗುವಷ್ಟು ಹತ್ತಿರವಿರಲಿ. ಭುಜ ಮೇಲೇರದಿರಲಿ. ಇನ್ನೊಂದು ಮಾತು: ಗಿಂಬಲ್ ತಿರುಗುವುದನ್ನು, ವಾಲುವುದನ್ನು ತಡೆಯುತ್ತದೆ, ನಾವು ನಡೆಯುವಾಗಿನ ಮೇಲೆ ಕೆಳಗಿನ ಕುಲುಕಾಟವನ್ನು ತಡೆಯುವುದಿಲ್ಲ. ಅದನ್ನು ಮಂಡಿ ನುಂಗಬೇಕು. ಮಂಡಿ ಸ್ವಲ್ಪ ಬಗ್ಗಿಸಿ, ಹಿಮ್ಮಡಿಯಿಂದ ಬೆರಳಿಗೆ ಪಾದ ಉರುಳಿಸುತ್ತಾ ನಡೆಯಿರಿ. ಕಾಲು ಈ ಕೆಲಸ ಮಾಡದಿದ್ದರೆ ಕೈ ಮಾಡಲು ಹೋಗಿ ಸೋಲುತ್ತದೆ. ಚಿತ್ರದುರ್ಗದ ಕೋಟೆಗೆ ಪ್ರಿ-ವೆಡ್ಡಿಂಗ್ ಶೂಟಿಗೆ ಹೋಗುವವರು ಮೊದಲು ಅನುಮತಿ ಕೇಳಿ. ಅಲ್ಲಿನ ಕಲ್ಲಿನ ಮೆಟ್ಟಿಲು ಒಂದೇ ಸಮ ಇಲ್ಲ. ಕ್ಯಾಮೆರಾ ಇಲ್ಲದೆ ಒಂದು ಸಲ ಹತ್ತಿ ಇಳಿದು ಕಾಲಿಗೆ ಪರಿಚಯ ಮಾಡಿಕೊಳ್ಳಿ.

ನೆಲದ ಹತ್ತಿರದ ಶಾಟ್ ಇದ್ದರೆ ಬಗ್ಗಬೇಡಿ. ಗಿಂಬಲ್ ತಲೆಕೆಳಗು ಮಾಡಿ ಚೀಲ ಹಿಡಿದಂತೆ ಇಳಿಬಿಡಿ. ಬೆನ್ನಿಗೂ ಆರಾಮ.

ಕೈಗೆ ಬಿಡುವು, ಕೈಗೆ ಸಾಮು

ಶಾಟ್ ಮುಗಿದ ತಕ್ಷಣ ಗಿಂಬಲ್ ಕೆಳಗಿಡಿ. ಊಟದ ಹಾಲ್‌ನಲ್ಲಿ ಸುಮ್ಮನೆ ಹಿಡಿದು ನಿಲ್ಲಬೇಡಿ. ಬೆರಳು ಪೂರ್ತಿ ಬಿಡಿಸಿ, ಕೈ ಕೊಡವಿ. ಮನೆಯಲ್ಲಿ ದಿನಾ ಒದ್ದೆ ಟವೆಲ್ ಎರಡೂ ಕಡೆ ಹಿಂಡಿ. ಅರ್ಧ ತುಂಬಿದ ಬಕೆಟ್ ಒಂದೊಂದು ಕೈಗೆ ಹಿಡಿದು ಅಂಗಳದಲ್ಲಿ ನಡೆಯಿರಿ. ನೀರು ಚೆಲ್ಲಬಾರದು. ಹಿಡಿತ, ನಡಿಗೆ ಎರಡೂ ಒಟ್ಟಿಗೆ ಪಳಗುತ್ತವೆ. ರಾತ್ರಿ ಮಲಗಿದಾಗಲೂ ಬೆರಳು ಜುಮ್ಮೆನ್ನುತ್ತಿದ್ದರೆ ಸಾಮು ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಕೊನೆಯ ಹಂತಕ್ಕೆ ಒಬ್ಬ ಗೆಳೆಯ ಬೇಕು. ಬೆಳಗ್ಗೆ ದಾವಣಗೆರೆಯ ಕುಂದುವಾಡ ಕೆರೆ ಏರಿಯ ಮೇಲೆ ಹತ್ತು ನಿಮಿಷ ಗಿಂಬಲ್ ಹಿಡಿದು ನಡೆಯಿರಿ, ಅವರು ಮೊಬೈಲಿನಲ್ಲಿ ನಿಮ್ಮ ಕೈಯನ್ನೇ ವಿಡಿಯೋ ಮಾಡಲಿ. ಬೆರಳ ಗೆಣ್ಣು ಬೆಳ್ಳಗಾಗಿದೆಯೇ, ಮಣಿಕಟ್ಟು ಮಡಚಿದೆಯೇ, ಮೊಣಕೈ ಎಷ್ಟನೇ ನಿಮಿಷಕ್ಕೆ ಪಕ್ಕೆ ಬಿಟ್ಟಿತು ನೋಡಿ. ಮದುವೆಯಲ್ಲಿ ಆ ನಿಮಿಷ ಬರುವ ಮೊದಲೇ ಕೈ ಬದಲಿಸಿ.