ಎರೆಮಣ್ಣಿನ ಊರಲ್ಲಿ ಬೀಜದಿಂದ ತುಳಸಿ

ಕಲಬುರಗಿಯಲ್ಲಿ ತುಳಸಿಯನ್ನು ಬೀಜದಿಂದ ಎಬ್ಬಿಸಲು ಆಗುವುದಿಲ್ಲ ಎಂದು ನನಗೆ ಹೇಳದವರೇ ಇಲ್ಲ. "ಸುಮ್ನೆ ಯಾಕ ಒದ್ದಾಡ್ತೀರಿ, ನರ್ಸರಿಯಿಂದ ತರ್ರಿ" ಎಂದಿದ್ದರು ಪಕ್ಕದ ಮನೆ ಕಾಕಾ. ಈಗ ಅವರ ಕಟ್ಟೆಯಲ್ಲಿರುವುದೂ ನನ್ನ ಕೃಷ್ಣ ತುಳಸಿಯೇ.

ನರ್ಸರಿ ಗಿಡ ಒಂದಕ್ಕೆ 30 ರೂಪಾಯಿ ಆಸುಪಾಸು. ಅಂಗಳದ ಅಂಚಿಗೆಲ್ಲ ಹಚ್ಚಬೇಕೆಂದರೆ ಸಾವಿರ ದಾಟುತ್ತದೆ. ಅದಕ್ಕೇ ಬೀಜದ ಪಾಕೀಟು ತಂದೆ, 40 ರೂಪಾಯಿ ಇರಬೇಕು. ನೀರಿಗೆ ಹಾಕಿ ನೋಡಿದರೆ ಒಂದೊಂದು ಕಾಳೂ ದಪ್ಪ ಲೋಳೆ ಕಟ್ಟಿ ಉಬ್ಬಿತು. ಶರಬತ್ತಿಗೆ ಹಾಕುವ ಕಾಮಕಸ್ತೂರಿ! ತುಳಸಿ ಬೀಜಕ್ಕೆ ಇಷ್ಟು ಲೋಳೆ ಎಲ್ಲಿ ಬರುತ್ತೆ? ದುಡ್ಡು ಹೋಯಿತು, ಮನೆಯವರೆಲ್ಲ ಶರಬತ್ತು ಕುಡಿದರು.

ಆಮೇಲೆ ಗುಡಿಯ ಗಿಡದಿಂದ ಒಣಗಿದ ತೆನೆ ತಂದು ಅಂಗೈಯಲ್ಲಿ ಉಜ್ಜಿ ಊದಿದೆ. ತೆನೆಯ ಒಂದೊಂದು ಹೂಬಟ್ಟಲಲ್ಲಿ ನಾಲ್ಕೇ ಬೀಜ, ರಾಗಿಗಿಂತ ಸಣ್ಣ. ನೆಲಕ್ಕೆ ಬಿತ್ತಿದ್ದನ್ನು ಇರುವೆ ಹೊತ್ತುಕೊಂಡು ಹೋದವು. ಉಳಿದದ್ದರ ಮೇಲೆ ಎರೆಮಣ್ಣು ಹೆಪ್ಪುಗಟ್ಟಿತು. ಕುಂಡದಲ್ಲಿ ಮೊಳೆತವು ಕತ್ತು ಕೊಳೆತು ಮಲಗಿದವು. ಬೋರ್ ನೀರಿನ ಬಿಳಿ ಉಪ್ಪು ಬೇರೆ.

ಕೊನೆಗೆ ಕೈ ಹಿಡಿದದ್ದು ಇದು. ಜರಡಿ ಹಿಡಿದ ಮರಳು ಎರಡು ಪಾಲು, ಹಳೆಯ ತಿಪ್ಪೆಗೊಬ್ಬರ ಒಂದು ಪಾಲು. ಮಿರಗದ (ಮೃಗಶಿರಾ) ಮಳೆ ಬಿದ್ದು ಧಗೆ ಇಳಿದ ಮೇಲೆ ಟ್ರೇ ತುಂಬಿ, ಬೀಜ ಮೇಲೆ ಉದುರಿಸಿ ಕೈಯಿಂದ ಒತ್ತಿದೆ. ಮಣ್ಣು ಮುಚ್ಚಲಿಲ್ಲ, ಬೀಜಕ್ಕೆ ಬೆಳಕು ಬೇಕು. ಮೇಲಿಂದ ನೀರು ಹಾಕಲೇ ಇಲ್ಲ. ಹಿಡಿದಿಟ್ಟ ಮಳೆನೀರಿನ ಬೋಗುಣಿಯಲ್ಲಿ ಟ್ರೇ ಇಟ್ಟು ಕೆಳಗಿಂದ ಕುಡಿಸಿದೆ. ಇರುವೆಗೆ ಏನು ಮಾಡಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ವಾರ ಹತ್ತು ದಿನದಲ್ಲಿ ಹಸಿರು ಚುಕ್ಕೆ ಕಂಡವು. ನಾಲ್ಕೆಲೆ ಬಂದ ಮೇಲೆ ಬಿಡಿಸಿ ನೆಟ್ಟೆ. ನೂರಕ್ಕೆ ಅರವತ್ತಾದರೂ ಉಳಿದಿರಬೇಕು.

ಅದೇ ಟ್ರೇಯ ಮೂಲೆಯಲ್ಲಿ ತುಂಬೆ ಬೀಜವನ್ನೂ ಹಾಕಿದ್ದೆ. ಅದಕ್ಕೆ ಇಷ್ಟೆಲ್ಲ ಸೇವೆ ಬೇಕಿಲ್ಲ, ತಾನೇ ಹುಟ್ಟಿ ತಾನೇ ಸಾಯುತ್ತದೆ. ತುಳಸಿ ಹಾಗಲ್ಲ, ಮೊದಲ ತೆನೆಗಳನ್ನು ಚಿವುಟುತ್ತಾ ಇದ್ದರೆ ಕಾಂಡ ಕಟ್ಟಿಗೆಯಾಗಿ ವರ್ಷಗಟ್ಟಲೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಬುಡಕ್ಕೆ ತೊಗರಿ ಹೊಟ್ಟು ದಪ್ಪಗೆ ಹರಡಿದೆ. 43 ಡಿಗ್ರಿಯಲ್ಲೂ ದಿನಕ್ಕೊಮ್ಮೆ ನೀರು ಸಾಕಾಯಿತು. ನಮ್ಮೂರಲ್ಲಿ ಹೊಟ್ಟಿಗೇನು ಬರ, ಅಲ್ವಾ?

ಬೀಜ ಬೇಕಾದವರು ತುಳಸಿ ಲಗ್ನ ಮುಗಿದ ಮೇಲೆ ಬನ್ನಿ. ಅಲ್ಲಿಯತನಕ ತೆನೆ ಮುಟ್ಟಲು ಮನೆಯಲ್ಲಿ ಬಿಡುವುದಿಲ್ಲ.