ಬಯಲಲ್ಲಿ ವಿಜ್ಞಾನ ಪಾಠ: ಒಂದು ಅವಧಿಗೆ ಒಂದೇ ಪ್ರಶ್ನೆ ಸಾಕು

ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದುಕೊಂಡು ಹೋಗಿ ‘ಸುತ್ತಲೂ ಗಮನಿಸಿ’ ಅಂದರೆ ಅವರು ಗಮನಿಸುವುದಿಲ್ಲ, ಓಡುತ್ತಾರೆ. ತಪ್ಪು ಅವರದಲ್ಲ, ಏನನ್ನು ನೋಡಬೇಕೆಂದು ಯಾರೂ ಹೇಳಿರುವುದಿಲ್ಲ. ಬಯಲು ಪಾಠ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಒಂದು ಅವಧಿಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ, ಅದೂ ನೋಡಿ, ಎಣಿಸಿ, ಅಳೆದು ಉತ್ತರ ಕಂಡುಕೊಳ್ಳುವಂಥದ್ದು. ‘ಪರಿಸರ ಎಂದರೇನು’ ಒಳಗೇ ಇರಲಿ. ‘ಈ ಇರುವೆಗಳಿಗೆ ದಾರಿ ಹೇಗೆ ಗೊತ್ತಾಗುತ್ತದೆ’ ಹೊರಗೆ ಬರಲಿ.

ಮೊದಲು ನೀವೊಬ್ಬರೇ ಹೋಗಿ ಬನ್ನಿ

ಹಿಂದಿನ ದಿನ, ಪಾಠದ ಹೊತ್ತಿಗೇ ಹೋಗಿ. ನೆರಳು ಎಲ್ಲಿ ಬೀಳುತ್ತದೆ, ಇರುವೆ ಸಾಲು ಎಲ್ಲಿದೆ, ಗಾಜಿನ ಚೂರೋ ಕಣಜದ ಗೂಡೋ ಇದೆಯೇ ನೋಡಿಕೊಳ್ಳಿ. ಜೇನು, ಕಣಜ ಕಚ್ಚಿದರೆ ಅಲರ್ಜಿಯಾಗುವ ಮಗು ಇದೆಯೇ ಎಂದು ಪೋಷಕರನ್ನು ವಿಚಾರಿಸಿಟ್ಟಿರಿ. ಹೇಳಬೇಕಾದ ಸೂಚನೆಗಳೆಲ್ಲ ತರಗತಿಯೊಳಗೇ ಮುಗಿಯಲಿ. ಬಯಲಿಗೆ ಕಾಲಿಟ್ಟ ಮೇಲೆ ಯಾರ ಕಿವಿಗೂ ಬೀಳುವುದಿಲ್ಲ. ನೀವು ಮಾತಾಡುವಾಗ ಬಿಸಿಲು ನಿಮ್ಮ ಮುಖಕ್ಕಿರಲಿ, ಮಕ್ಕಳ ಬೆನ್ನಿಗಿರಲಿ. ಸೂರ್ಯನನ್ನು ನೇರ ನೋಡುವಂತಿಲ್ಲ, ಭೂತಕನ್ನಡಿಯನ್ನು ಬಿಸಿಲಿಗೆ ಹಿಡಿಯುವಂತಿಲ್ಲ. ಈ ಎರಡರಲ್ಲಿ ರಿಯಾಯಿತಿ ಬೇಡ.

ದಾರದ ಚೌಕ

ಮೊದಲ ಪಾಠಕ್ಕೆ ಇದೇ ಸಲೀಸು. 4 ಮೀಟರ್ ದಾರದ ತುದಿಗಳನ್ನು ಗಂಟು ಹಾಕಿ ನಾಲ್ವರ ಗುಂಪಿಗೆ ಕೊಡಿ. ನಾಲ್ಕು ಮೂಲೆ ಎಳೆದು ಹಿಡಿದರೆ 1 ಮೀಟರಿನ ಚೌಕ. ಅದರೊಳಗೆ ಏನೇನಿದೆ, ಎಷ್ಟೆಷ್ಟಿದೆ? ಒಬ್ಬರು ಹುಡುಕಲಿ, ಒಬ್ಬರು ಎಣಿಸಲಿ, ಒಬ್ಬರು ಬರೆಯಲಿ, ಒಬ್ಬರು ಚಿತ್ರ ಬಿಡಿಸಲಿ. ಆಮೇಲೆ ಕೆಲಸ ಅದಲುಬದಲು. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಕಾಲು ಎಣಿಸಿದರಾಯಿತು. ಆರಿದ್ದರೆ ಕೀಟ, ಎಂಟಿದ್ದರೆ ಜೇಡದ ಬಳಗ. ಒದ್ದೆ ಕಲ್ಲಿನಡಿ ಮುಟ್ಟಿದರೆ ಉಂಡೆಯಾಗುವ ಬೂದು ಬಣ್ಣದ ಪುಟ್ಟ ಜೀವಿಯೊಂದು ಸಿಗಬಹುದು. ಏಳು ಜೊತೆ ಕಾಲಿದ್ದರೆ ಅದು ಕೀಟವೇ ಅಲ್ಲ, ಏಡಿ, ಸೀಗಡಿಗಳ ಸಂಬಂಧಿ! ಮಕ್ಕಳು ಇದನ್ನು ನಂಬುವುದಿಲ್ಲ, ನಂಬದಿರಲಿ, ಇನ್ನೊಮ್ಮೆ ಎಣಿಸುತ್ತಾರೆ. ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡಿಸಿ.

ಇರುವೆ ಸಾಲು

ಸಾಲಿಗೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಇಟ್ಟು, ಇರುವೆಗಳು ಅದರ ಮೇಲೆಯೇ ಓಡಾಡುವವರೆಗೆ ಕಾಯಿರಿ. ಆಮೇಲೆ ಪಟ್ಟಿಯನ್ನು ಮೆಲ್ಲಗೆ ತೆಗೆಯಿರಿ. ಕಾಗದ ಇದ್ದ ಜಾಗದ ಅಂಚಿಗೆ ಬಂದ ಇರುವೆ ಗಕ್ಕನೆ ನಿಲ್ಲುತ್ತದೆ, ಮೀಸೆ ಆಡಿಸುತ್ತದೆ, ಹಿಂದೆ ಮುಂದೆ ತಿರುಗುತ್ತದೆ. ಯಾಕೆ? ಉತ್ತರ ಹೇಳಲು ಬಾಯಿ ತುರಿಸುತ್ತದೆ, ತಡೆದುಕೊಳ್ಳಿ. ‘ಕಾಗದ ಇಟ್ಟಿದ್ದಕ್ಕೆ ಹೆದರಿದವು’ ಎಂದು ಯಾರಾದರೂ ಅಂದರೆ, ಅದನ್ನು ಪರೀಕ್ಷಿಸುವುದು ಹೇಗೆಂದು ಕೇಳಿ. ಸಾಲುಕಟ್ಟಿ ಹೋಗುವ ಬಹಳಷ್ಟು ಇರುವೆಗಳು ನೆಲಕ್ಕೆ ಫೆರೊಮೋನ್ ಎಂಬ ರಾಸಾಯನಿಕ ಸವರುತ್ತ ಹೋಗುತ್ತವೆ. ಹಿಂದಿನವು ಅದರ ಜಾಡು ಹಿಡಿಯುತ್ತವೆ. ಕಾಗದದ ಜೊತೆ ಅಷ್ಟುದ್ದದ ಜಾಡೂ ಹೋಯಿತು. ಕೊನೆಗೆ ಯಾವುದೋ ಒಂದು ದಾಟುತ್ತದೆ, ಸಾಲು ಮತ್ತೆ ಕೂಡುತ್ತದೆ. ಅದಕ್ಕೆ ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳಲಿ.

ಕೋಲಿನ ನೆರಳು

ಇದಕ್ಕೆ ಇಡೀ ದಿನ ಬೇಕು, ಆದರೆ ಗಂಟೆಗೆ ಎರಡೇ ನಿಮಿಷ. ಸಮತಟ್ಟಾದ ಬಯಲಲ್ಲಿ ಕೋಲನ್ನು ನೆಟ್ಟಗೆ ನಿಲ್ಲಿಸಿ. ಗಂಟೆಗೊಮ್ಮೆ ನೆರಳಿನ ತುದಿಗೆ ಕಲ್ಲಿಟ್ಟು, ಸಮಯ ಬರೆದು, ಉದ್ದ ಅಳೆಯಿರಿ. ಮುಂದಿನ ಗಂಟೆ ತುದಿ ಎಲ್ಲಿರುತ್ತದೆ ಎಂದು ಪ್ರತಿ ಮಗುವೂ ಮೊದಲೇ ತನ್ನದೊಂದು ಬೆಣಚುಕಲ್ಲು ಇಡಲಿ. ಪಾಠದ ಜೀವ ಈ ಊಹೆಯಲ್ಲಿದೆ.

ಅತಿ ಗಿಡ್ಡ ನೆರಳು ಗಡಿಯಾರದ ಹನ್ನೆರಡಕ್ಕೇ ಬೀಳಬೇಕೆಂದಿಲ್ಲ. ಗಡಿಯಾರ ತೋರಿಸುವುದು ವಿಶಾಲ ಪ್ರದೇಶಕ್ಕೆಲ್ಲ ಒಂದೇ ಎಂದು ಒಪ್ಪಿಕೊಂಡ ಸಮಯ, ನೀವು ನಿಂತ ಜಾಗದ ಸೂರ್ಯನದ್ದಲ್ಲ. ಇನ್ನೊಂದು ಮಾತು ಶಿಕ್ಷಕರಿಗೆ ಮಾತ್ರ: ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ ನಿಜ, ಆದರೆ ನೆಲದ ಮೇಲಿನ ನೆರಳು ಗಂಟೆಗೆ ಸರಿಯಾಗಿ ಅಷ್ಟೇ ತಿರುಗುವುದಿಲ್ಲ. ಹಾಗಾಗಬೇಕಾದರೆ ಕೋಲನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆ ಮಾಡಿ, ನೆರಳನ್ನು ಅದಕ್ಕೆ ಲಂಬವಾದ ಹಲಗೆಯ ಮೇಲೆ ಹಿಡಿಯಬೇಕು. ಅಳತೆಯಲ್ಲಿ 15 ಬರಲಿಲ್ಲವೆಂದು ಮಕ್ಕಳ ಅಂಕಿಯನ್ನು ತಿದ್ದಬೇಡಿ.

ಕೊನೆಯ ಹತ್ತು ನಿಮಿಷ

ಅಲ್ಲೇ ವೃತ್ತಾಕಾರದಲ್ಲಿ ಕೂರಿಸಿ, ಗುಂಪುಗಳ ಅಂಕಿಗಳನ್ನು ಹೋಲಿಸಿ. ಒಂದು ಚೌಕದಲ್ಲಿ ಹನ್ನೆರಡು ಜೀವಿ, ಪಕ್ಕದ್ದರಲ್ಲಿ ಎರಡೇ ಯಾಕೆ? ನೆರಳೋ, ತೇವವೋ, ನೋಡಿದವರ ಅವಸರವೋ? ಮುಂದಿನ ಪಾಠದ ಪ್ರಶ್ನೆ ಸಾಮಾನ್ಯವಾಗಿ ಇಲ್ಲೇ ಹುಟ್ಟುತ್ತದೆ.

ಮೋಡ ಕವಿದರೆ ನೆರಳಿನ ಪಾಠ ಮುಂದಕ್ಕೆ ಹಾಕಿ. ಚೌಕದ ಪಾಠಕ್ಕಾದರೋ ಮಳೆ ಬಿಟ್ಟ ಹೊತ್ತೇ ಚೆನ್ನ, ಎಷ್ಟೋ ಸಲ ಎರೆಹುಳುಗಳು ಮೇಲೆ ಬಂದಿರುತ್ತವೆ. ಅವು ಉಸಿರಾಡುವುದು ಒದ್ದೆ ಚರ್ಮದಿಂದ. ಆದ್ದರಿಂದ ಮಕ್ಕಳು ಕೈ ಒದ್ದೆ ಮಾಡಿಕೊಂಡೇ ಮುಟ್ಟಲಿ, ನೋಡಿದ ಮೇಲೆ ತೇವದ ಮಣ್ಣಿಗೇ ಬಿಡಲಿ, ಒಳಗೆ ಹೋಗುವ ಮುನ್ನ ಸೋಪು ಹಾಕಿ ಕೈ ತೊಳೆಯಲಿ.